ಕೇಳಿಸದ ಅಲೆ, ಅಲುಗುವ ಸ್ವರ



ಈ ತಿಂಗಳ ವಿಷಯ ಸ್ವಲ್ಪ ವಿಚಿತ್ರವೆನಿಸಬಹುದು. ನಮ್ಮ ಗಾಯನ ವೃಂದದಲ್ಲಿ ಕೀಬೋರ್ಡ್ ನುಡಿಸುವ ಕಾಲೇಜು ಹುಡುಗನೊಬ್ಬ ಕೇಳಿದ: "ಫಾದರ್, ಹೊಸ ಕೀಬೋರ್ಡಿನಲ್ಲಿ ಎಲ್‌ಎಫ್‌ಓ ಅಂತ ಒಂದು ಪುಟ ಇದೆ. ಅದರಲ್ಲಿ ಏನಾದರೂ ಬದಲಾಯಿಸಿದರೆ ಸ್ವರ ನಡುಗುತ್ತದೆ. ಅದನ್ನು ಮುಟ್ಟಬಹುದಾ?" ಅದೇ ವಾರ ವೃಂದದ ಹಿರಿಯ ತಾಯಿಯೊಬ್ಬರು ಬೇರೆ ದೂರು ತಂದರು: "ಫಾದರ್, ಆ ಪೆಟಗಿ ಹಾಡಂಗಿಲ್ರೀ, ಅಳತೈತಿ. ಶ್ರುತಿ ಎಲ್ಲಿ ಹಿಡೀಬೇಕು ಅಂತ ತಿಳಿವಲ್ದು."

ಇಬ್ಬರೂ ಹೇಳುತ್ತಿದ್ದದ್ದು ಒಂದೇ ವಿಷಯವನ್ನು. ಆದರೆ ಅದು ಇಬ್ಬರಿಗೂ ಗೊತ್ತಿರಲಿಲ್ಲ. ಹುಡುಗರಿಗೆ ಹಿರಿಯರು ಹಳೆಯ ಕಾಲದವರು, ಹಿರಿಯರಿಗೆ ಹುಡುಗರು ಗದ್ದಲದವರು ಎಂಬ ಮುನಿಸು ಮಾತ್ರ ಬೆಳೆಯುತ್ತಿತ್ತು. ಗೋವಾದಲ್ಲಿ ದುಡಿಯಲು ಬಂದ ಕನ್ನಡದ ಮನೆಗಳಿಗೆ ವಾರದ ಉಳಿದ ದಿನಗಳೆಲ್ಲ ಕೊಂಕಣಿ, ಹಿಂದಿ, ಇಂಗ್ಲಿಷು. ಮಾತೃಭಾಷೆಯಲ್ಲಿ ಬಾಯಿ ತುಂಬ ಹಾಡಲು ಸಿಗುವುದು ಕನ್ನಡದ ಬಲಿಪೂಜೆಯಲ್ಲಿ ಮಾತ್ರ. ಅಲ್ಲಿಯೂ ಜನ ಶ್ರುತಿ ಸಿಗದೆ ತುಟಿ ಮುಚ್ಚಿ ಕುಳಿತರೆ ಅದು ಸಣ್ಣ ನಷ್ಟವಲ್ಲ. ಹಾಗಾಗಿ ಈ ನಡುಗುವ ಸ್ವರದ ಒಳಗುಟ್ಟನ್ನು ಎಲ್ಲರೂ ಸ್ವಲ್ಪ ತಿಳಿದುಕೊಳ್ಳೋಣ. ಕೀಬೋರ್ಡ್ ಮುಟ್ಟದವರೂ ಓದಬಹುದು. ಅದನ್ನು ಕೊಳ್ಳಲು ಕಾಣಿಕೆ ಕೊಟ್ಟವರು ನೀವೇ ತಾನೇ!

ಎಲ್‌ಎಫ್‌ಓ ಎಂದರೆ ಲೋ ಫ್ರೀಕ್ವೆನ್ಸಿ ಆಸಿಲೇಟರ್. ಕನ್ನಡದಲ್ಲಿ ಮಂದಗತಿಯ ಆಂದೋಲಕ ಎನ್ನಬಹುದು. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20 ಕಂಪನದಿಂದ 20,000 ಕಂಪನದವರೆಗೆ ಸ್ವರವಾಗಿ ಕೇಳಿಸುತ್ತದೆ. ವಾದ್ಯಗಳನ್ನು ಶ್ರುತಿ ಮಾಡಲು ಬಳಸುವ ಸ್ವರ ಸೆಕೆಂಡಿಗೆ 440 ಬಾರಿ ಕಂಪಿಸುತ್ತದೆ. ಸಿಂಥಸೈಸರಿನಲ್ಲಿ ಇಂಥ ಸ್ವರವನ್ನು ಹುಟ್ಟಿಸುವ ಆಂದೋಲಕ ಒಂದು. ಅದರ ಪಕ್ಕದಲ್ಲಿ ಇನ್ನೊಂದು ಆಂದೋಲಕ ಇರುತ್ತದೆ. ಅದು ಬಲು ನಿಧಾನ, ಸೆಕೆಂಡಿಗೆ ಐದಾರು ಬಾರಿ, ಕೆಲವೊಮ್ಮೆ ಹತ್ತು ಸೆಕೆಂಡಿಗೆ ಒಂದೇ ಬಾರಿ ತೂಗುತ್ತದೆ. ಅದರ ಸದ್ದು ನಮಗೆ ಕೇಳಿಸುವುದಿಲ್ಲ. ಅದರ ಕೆಲಸ ಹಾಡುವುದಲ್ಲ, ಹಾಡುವ ಸ್ವರವನ್ನು ಹಿಡಿದು ಅಲುಗಿಸುವುದು. ಯಾರೋ ಕಾಣದ ಕೈಯೊಂದು ಗುಂಡಿಯನ್ನು ಆಚೆ ಈಚೆ ತಿರುಗಿಸುತ್ತಿದೆ ಎಂದುಕೊಳ್ಳಿ, ಅಷ್ಟೇ.

ಧೂಪದ ಪಾತ್ರೆಯನ್ನು ತೂಗುವ ಪೀಠಬಾಲಕರನ್ನು ನೋಡಿದ್ದೀರಲ್ಲ? ಒಂದು ಮೀಟರ್ ಉದ್ದದ ಸರಪಳಿಯಲ್ಲಿ ತೂಗಿದರೆ ಪಾತ್ರೆ ಹೋಗಿ ಬರಲು ಸುಮಾರು ಎರಡು ಸೆಕೆಂಡು ಬೇಕು. ಅಂದರೆ ಸೆಕೆಂಡಿಗೆ ಅರ್ಧ ಸುತ್ತು. ಇದು ವೇಗ, ಕೀಬೋರ್ಡಿನಲ್ಲಿ ಇದನ್ನು ರೇಟ್ ಅಥವಾ ಸ್ಪೀಡ್ ಎಂದು ಬರೆದಿರುತ್ತಾರೆ. ಪಾತ್ರೆ ಎಷ್ಟು ದೂರ ಹೋಗಿ ಬರುತ್ತದೆ ಎಂಬುದು ಡೆಪ್ತ್, ಅಂದರೆ ಆಳ. ಕೆಲವು ಬಾಲಕರು ಹಬ್ಬದ ದಿನ ಉತ್ಸಾಹದಿಂದ ಮುಂದಿನ ಸಾಲಿನವರ ಮೂಗಿನ ತನಕ ತೂಗುತ್ತಾರೆ. ಅಲ್ಲಿ ತೊಂದರೆ ವೇಗದ್ದಲ್ಲ, ಆಳದ್ದು. ನಮ್ಮ ಕೀಬೋರ್ಡಿನ ತೊಂದರೆಯೂ ಬಹುಪಾಲು ಅದೇ.

ಈ ಅಲೆಗೂ ಆಕಾರಗಳಿವೆ. ಧೂಪದ ಪಾತ್ರೆಯಂತೆ ಮೆಲ್ಲಗೆ ಹೋಗಿ ಮೆಲ್ಲಗೆ ತಿರುಗುವುದು ಸೈನ್ ಅಲೆ. ನೇರವಾಗಿ ಏರಿ ನೇರವಾಗಿ ಇಳಿಯುವುದು ತ್ರಿಕೋನ. ಸ್ವಿಚ್ಚು ಹಾಕಿ ಆರಿಸಿದಂತೆ ಥಟ್ಟನೆ ಎರಡು ಕಡೆ ಜಿಗಿಯುವುದು ಚೌಕ. ಮೆಲ್ಲಗೆ ಏರಿ ದಡಕ್ಕನೆ ಬೀಳುವುದು ಗರಗಸದ ಹಲ್ಲು. ಲೆಕ್ಕವಿಲ್ಲದೆ ಎಲ್ಲೆಂದರಲ್ಲಿ ನೆಗೆಯುವ ಇನ್ನೊಂದುಂಟು. ದೇವಾಲಯದ ಹಾಡಿಗೆ ಮೊದಲ ಎರಡು ಸಾಕು.

ಇನ್ನು ಆ ಕಾಣದ ಕೈ ಯಾವ ಗುಂಡಿಯ ಮೇಲಿದೆ ಎನ್ನುವುದೇ ಮುಖ್ಯ. ಸ್ವರದ ಎತ್ತರವನ್ನು ಅಲುಗಿಸಿದರೆ ಅದು ವೈಬ್ರಾಟೋ. ದನಿಯ ಗಟ್ಟಿತನವನ್ನು ಅಲುಗಿಸಿದರೆ ಟ್ರೆಮೊಲೊ. ಫಿಲ್ಟರನ್ನು, ಅಂದರೆ ದನಿಯ ಹೊಳಪನ್ನು ಅಲುಗಿಸಿದರೆ ಬಾಯಿ ತೆರೆದು ಮುಚ್ಚಿದಂತೆ "ವಾ ವಾ" ಎನ್ನುತ್ತದೆ. ಎಡ ಬಲ ಸ್ಪೀಕರುಗಳ ನಡುವೆ ಓಡಾಡಿಸಲೂಬಹುದು, ಆದರೆ ನಮ್ಮ ದೇವಾಲಯಗಳಲ್ಲಿ ಎಡದವರಿಗೆ ಒಂದು, ಬಲದವರಿಗೆ ಒಂದು ಕೇಳಿಸಿ ಪ್ರಯೋಜನವಿಲ್ಲ. ವೈಬ್ರಾಟೋ, ಟ್ರೆಮೊಲೊ ಎಂಬ ಎರಡು ಹೆಸರುಗಳನ್ನು ಗಿಟಾರಿನವರು ಅದಲುಬದಲು ಮಾಡಿಬಿಟ್ಟಿದ್ದಾರೆ. 1954ರ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ "ಟ್ರೆಮೊಲೊ" ಕಡ್ಡಿ ಅಲುಗಿಸುವುದು ಸ್ವರದ ಎತ್ತರವನ್ನೇ. ಹೆಸರಿಗೆ ಮೋಸಹೋಗದೆ ಕಿವಿಗೊಟ್ಟು ಕೇಳಬೇಕು.

ಫಿಲ್ಟರಿನ ಮಾತು ಕಷ್ಟವೆನಿಸಿದವರು ಗೋವಾದ ಘೂಮಟವನ್ನು ನೆನೆಯಿರಿ. ಮಣ್ಣಿನ ಮಡಕೆ, ಒಂದು ಕಡೆ ಚರ್ಮ, ಇನ್ನೊಂದು ಕಡೆ ಕಿರಿದಾದ ತೆರೆದ ಬಾಯಿ. ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು, ಈಗ ವನ್ಯಜೀವಿ ಕಾಯ್ದೆ ಇರುವುದರಿಂದ ಆಡಿನ ಚರ್ಮ. 2019ರಲ್ಲಿ ಗೋವಾ ಸರ್ಕಾರ ಇದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ವಾದಕ ಒಂದು ಕೈಯಿಂದ ಬಡಿಯುತ್ತ ಇನ್ನೊಂದು ಅಂಗೈಯಿಂದ ಆ ಬಾಯಿಯನ್ನು ತೆರೆದು ಮುಚ್ಚುತ್ತಾನೆ. ಆಗ ನಾದ ಉಬ್ಬಿ ಕುಗ್ಗುತ್ತದೆ. ಆ ಅಂಗೈ ಮಾಡುವ ಕೆಲಸವನ್ನೇ ಸಿಂಥಸೈಸರಿನಲ್ಲಿ ಮಂದ ಆಂದೋಲಕ ಮಾಡುವುದು. ವ್ಯತ್ಯಾಸ ಒಂದೇ: ಅಂಗೈಗೆ ಹಾಡಿನ ಅರ್ಥ ಗೊತ್ತಿದೆ.

ಸ್ವರವನ್ನು ಯಂತ್ರದಿಂದ ನಡುಗಿಸುವುದು ನಿನ್ನೆ ಮೊನ್ನೆಯ ಹುಡುಗಾಟ ಎಂದು ಹಿರಿಯರು ತಿಳಿಯಬಾರದು. ದೇವಾಲಯದ ಪೈಪ್ ಆರ್ಗನ್‌ಗಳಲ್ಲಿ 16ನೆಯ ಶತಮಾನದಲ್ಲೇ ಟ್ರೆಮ್ಯುಲಂಟ್ ಎಂಬ ಸಾಧನವಿತ್ತು. ಕೊಳವೆಗಳಿಗೆ ಹೋಗುವ ಗಾಳಿಯ ಒತ್ತಡವನ್ನೇ ಅದು ಲಯವಾಗಿ ಅಲುಗಿಸುತ್ತಿತ್ತು. 1708ರಲ್ಲಿ ಜರ್ಮನಿಯ ಮ್ಯೂಲ್‌ಹೌಸನ್ ಪಟ್ಟಣದ ಸಂತ ಬ್ಲೇಸರ ದೇವಾಲಯದ ಆರ್ಗನ್ ದುರಸ್ತಿಗೆ ತರುಣ ಯೋಹಾನ್ ಸೆಬಾಸ್ಟಿಯನ್ ಬಾಖ್ ಒಂದು ಪಟ್ಟಿ ಬರೆದುಕೊಟ್ಟ. ಅದರಲ್ಲಿ ಟ್ರೆಮ್ಯುಲಂಟ್ ಸರಿಯಾದ ಗತಿಯಲ್ಲಿ ಮಿಡಿಯುವಂತೆ ಸರಿಪಡಿಸಬೇಕು ಎಂಬ ಬೇಡಿಕೆಯೂ ಇತ್ತು. ಮುನ್ನೂರು ವರ್ಷ ದಾಟಿದರೂ ನಮ್ಮ ಹುಡುಗನ ಪ್ರಶ್ನೆ ಅದೇ ಅಲ್ಲವೇ!

ಆರ್ಗನ್ ಕಟ್ಟುವವರು ಇನ್ನೊಂದು ಉಪಾಯವನ್ನೂ ಮಾಡಿದರು. ಒಂದೇ ಸ್ವರಕ್ಕೆ ಎರಡು ಕೊಳವೆ ಇಟ್ಟು ಒಂದನ್ನು ಕೂದಲೆಳೆಯಷ್ಟು ಶ್ರುತಿ ತಪ್ಪಿಸಿದರು. ಒಂದು 440, ಇನ್ನೊಂದು 442 ಇದ್ದರೆ ಎರಡೂ ಸೇರಿ ಸೆಕೆಂಡಿಗೆ ಎರಡು ಬಾರಿ ತೂಗಿದಂತೆ ಕೇಳಿಸುತ್ತದೆ. ಇಂಥ ಒಂದು ಕೊಳವೆಸಾಲಿಗೆ ಲತೀನಿನಲ್ಲಿ ಉಂಡಾ ಮಾರಿಸ್ ಎಂದು ಹೆಸರು, ಅಂದರೆ ಕಡಲ ಅಲೆ. ಎಷ್ಟು ಚಂದದ ಹೆಸರು! ಮನೆಯ ಹಾರ್ಮೋನಿಯಂನಲ್ಲಿ ಎರಡು ಸಾಲು ರೀಡುಗಳಿದ್ದು ಒಂದು ತುಸು ಸರಿದಿದ್ದರೆ ಇದೇ ಅಲೆಯನ್ನು ನೀವೂ ಕೇಳಿರುತ್ತೀರಿ.

1935ರಲ್ಲಿ ಅಮೆರಿಕದಲ್ಲಿ ಲಾರೆನ್ಸ್ ಹ್ಯಾಮಂಡ್ ವಿದ್ಯುತ್ ಆರ್ಗನ್ನನ್ನು ಮಾರುಕಟ್ಟೆಗೆ ತಂದ. ಕೊಳವೆಯ ಆರ್ಗನ್ನಿಗೆ ಹಣ ಕೂಡಿಸಲಾಗದ ದೇವಾಲಯಗಳೇ ಅದರ ಮುಖ್ಯ ಗಿರಾಕಿಗಳು. ಆದರೆ ದನಿ ಒಣಗಿದಂತಿತ್ತು. ಡೊನಾಲ್ಡ್ ಲೆಸ್ಲಿ ಎಂಬಾತ 1940ರ ದಶಕದಲ್ಲಿ ಮರದ ಪೆಟ್ಟಿಗೆಯೊಳಗೆ ತಿರುಗುವ ಕಹಳೆಯನ್ನಿಟ್ಟು ಅದಕ್ಕೊಂದು ಸ್ಪೀಕರ್ ಮಾಡಿದ. ಕಹಳೆ ನಮ್ಮತ್ತ ಬರುವಾಗ ಸ್ವರ ತುಸು ಏರುತ್ತದೆ, ಆಚೆ ತಿರುಗುವಾಗ ಇಳಿಯುತ್ತದೆ. ರೈಲು ಹತ್ತಿರ ಬಂದು ದಾಟಿಹೋಗುವಾಗ ಸೀಟಿಯ ದನಿ ಬದಲಾದಂತೆ. ಈ ಸ್ಪೀಕರಿನಲ್ಲಿ ಮುಂದೆ ಎರಡು ವೇಗಗಳು ಬಂದವು. ಸೆಕೆಂಡಿಗೆ ಆರೇಳು ಸುತ್ತಿನ ವೇಗಕ್ಕೆ ಟ್ರೆಮೊಲೊ ಎಂದೂ, ಸೆಕೆಂಡಿಗೆ ಒಂದು ಸುತ್ತಿಗಿಂತಲೂ ಕಡಿಮೆ ಇರುವ ವೇಗಕ್ಕೆ ಕೊರಾಲ್ ಎಂದೂ ಹೆಸರು. ಕೊರಾಲ್ ಎಂದರೆ ದೇವಾಲಯದ ಸಮೂಹಗೀತೆ. ನಮ್ಮ ಕೀಬೋರ್ಡುಗಳ ಆರ್ಗನ್ ದನಿಗಳಲ್ಲಿ ಇಂದಿಗೂ ಈ ಎರಡು ವೇಗಗಳಿವೆ. ಜನರನ್ನು ಹಾಡಿಸಬೇಕಾದಾಗ ಯಾವುದು ಬೇಕೆಂದು ಹೆಸರೇ ಹೇಳುತ್ತದೆ.

ಸಿಂಥಸೈಸರಿನ ಕಥೆಯನ್ನು ಚುಟುಕಾಗಿ ಮುಗಿಸುತ್ತೇನೆ. 1970ರ ಮಿನಿಮೂಗ್‌ನಲ್ಲಿ ಮಂದ ಆಂದೋಲಕ ಪ್ರತ್ಯೇಕವಾಗಿ ಇರಲಿಲ್ಲ. ಮೂರು ಆಂದೋಲಕಗಳಲ್ಲಿ ಮೂರನೆಯದನ್ನು ನಿಧಾನ ಮಾಡಿ ಆ ಕೆಲಸಕ್ಕೆ ಹಚ್ಚಬೇಕಿತ್ತು, ಆಗ ಹಾಡಲು ಉಳಿಯುತ್ತಿದ್ದದ್ದು ಎರಡೇ. 1983ರಲ್ಲಿ ಬಂದ ಯಮಾಹಾ ಡಿಎಕ್ಸ್-7ರಲ್ಲಿ ಆರು ಆಕಾರದ ಅಲೆಗಳಿದ್ದ ಒಂದು ಆಂದೋಲಕವಿತ್ತು, ಹದಿನಾರು ಸ್ವರಗಳಿಗೂ ಅದೊಂದೇ. ನಮ್ಮ ದೇಶದ ಮಟ್ಟಿಗೆ, ಮುಂಬೈಯ ಸಿನಿಮಾ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಸರಿನಲ್ಲಿ, ಡಿಸ್ಕೋ ತಾಳಕ್ಕೆ ನುಡಿಸಿ ಒಂದು ಧ್ವನಿಮುದ್ರಿಕೆ ತಂದರು. ಆಗ ಅದನ್ನು ಹೆಚ್ಚು ಜನ ಕೇಳಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಹೊರದೇಶದವರು ಬೆರಗಾದರು, ಏಕೆಂದರೆ ಅವರು ಬಳಸಿದ್ದ ರೋಲಂಡ್ ಟಿಬಿ-303 ಎಂಬ ಪುಟ್ಟ ಯಂತ್ರವನ್ನೇ ಹಿಡಿದು ಶಿಕಾಗೋದ ಹುಡುಗರು ಹೊಸ ಸಂಗೀತ ಮಾಡಿದ್ದು 1987ರ ಹೊತ್ತಿಗೆ. ಆ ಯಂತ್ರದಲ್ಲಿ ಮಂದ ಆಂದೋಲಕ ಇಲ್ಲವೇ ಇಲ್ಲ, ಫಿಲ್ಟರಿನ ಗುಂಡಿಯನ್ನು ಬೆರಳಿನಿಂದಲೇ ತಿರುಗಿಸಬೇಕು!

ಅದೇ ಬಗೆಯ ದನಿ 1990ರ ದಶಕದಲ್ಲಿ ಗೋವಾದ ಹೆಸರನ್ನೇ ಹೊತ್ತು ಲೋಕವೆಲ್ಲ ಸುತ್ತಿತು. ಅಂಜುಣೆ, ವಾಗಾತೋರ್ ಕಡಲತೀರಗಳ ಗೋವಾ ಟ್ರಾನ್ಸ್ ಸಂಗೀತದ ಬಗ್ಗೆ ಕೇಳಿರುತ್ತೀರಿ. ನಿಮಿಷಕ್ಕೆ 140 ಹೊಡೆತದ ತಾಳ ಎಂದರೆ ಸೆಕೆಂಡಿಗೆ ಎರಡಕ್ಕಿಂತ ಸ್ವಲ್ಪ ಹೆಚ್ಚು. ಪ್ರತಿ ಹೊಡೆತವನ್ನು ನಾಲ್ಕು ಭಾಗ ಮಾಡಿದರೆ ಸೆಕೆಂಡಿಗೆ ಒಂಬತ್ತು ಚಿಲ್ಲರೆ. ಆ ಗತಿಗೆ ಮಂದ ಆಂದೋಲಕವನ್ನು ಕಟ್ಟಿ ದನಿಯನ್ನು ತೆರೆದು ಮುಚ್ಚಿದರೆ ತಾಳಕ್ಕೆ ಸರಿಯಾಗಿ ಮಿಡಿಯುತ್ತದೆ. ಅದರ ಮೇಲೆ ಅರ್ಧ ನಿಮಿಷಕ್ಕೊಮ್ಮೆ ಏರಿ ಇಳಿಯುವ ಇನ್ನೊಂದು ನಿಧಾನ ಅಲೆ. ಕುಶಲತೆ ಇದೆ, ಇಲ್ಲವೆನ್ನಲಾರೆ. ಆದರೆ ಹೆಸರು ಗೋವಾದ್ದು, ಮಾಡಿದವರು ಬಹುಪಾಲು ಹೊರಗಿನವರು, ನಿದ್ದೆಗೆಟ್ಟವರು ಊರಿನವರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂಬ ಶಬ್ದಮಾಲಿನ್ಯ ನಿಯಮ ಬಂದದ್ದು 2000ದಲ್ಲಿ. ಆ ನಿಯಮ ಹಬ್ಬದ ದಿನ ನಮ್ಮ ಧ್ವನಿವರ್ಧಕಕ್ಕೂ ಅನ್ವಯಿಸುತ್ತದೆ ಎನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದ ಪಾಠ ಇರುವುದು ಗೋವಾದ ಇನ್ನೊಂದು ಸಂಗೀತದಲ್ಲಿ. ಪೋರ್ತುಗೀಸರ ಕಾಲದಲ್ಲಿ ಇಲ್ಲಿನ ಧರ್ಮಕೇಂದ್ರಗಳ ಶಾಲೆಗಳು ಮಕ್ಕಳಿಗೆ ಸ್ವರಲಿಪಿ, ಪಿಟೀಲು ಕಲಿಸುತ್ತಿದ್ದವು. ಅದರ ಫಲವಾಗಿ ಹಳ್ಳಿಯ ಶಿಲುಬೆಯ ಬಳಿ ನಡೆಯುವ ಲದಾಯ್ನ್ ಪ್ರಾರ್ಥನೆಗೆ ಇಂದಿಗೂ ಪಿಟೀಲು ಬರುತ್ತದೆ, ತಪಸ್ಸುಕಾಲದ ಮೊತೇತ್ ಹಾಡುಗಳಿಗೂ ಬರುತ್ತದೆ. ಮೂರು ಪಿಟೀಲು ಒಟ್ಟಿಗೆ ಒಂದೇ ಸ್ವರ ನುಡಿಸುವಾಗ ಕಿವಿಗೊಟ್ಟು ಕೇಳಿ. ಮೂವರ ಬೆರಳೂ ನಡುಗುತ್ತದೆ, ಆದರೆ ಒಬ್ಬರ ನಡುಕದಂತೆ ಇನ್ನೊಬ್ಬರದಿಲ್ಲ. ಒಬ್ಬರದು ಸೆಕೆಂಡಿಗೆ ಐದು, ಇನ್ನೊಬ್ಬರದು ಆರು. ಒಬ್ಬರು ಏರುವಾಗ ಇನ್ನೊಬ್ಬರು ಇಳಿಯುತ್ತಾರೆ. ಅದರಿಂದಲೇ ಆ ದನಿಗೆ ತುಂಬುತನ. ಅಗ್ಗದ ಕೀಬೋರ್ಡಿನ "ಸ್ಟ್ರಿಂಗ್ಸ್" ದನಿಯಲ್ಲಿ ಒಂದೇ ಆಂದೋಲಕ ಎಲ್ಲ ಸ್ವರಗಳನ್ನೂ ಹಿಡಿದು ಅಲುಗಿಸಿದರೆ ನಾಲ್ಕು ಸ್ವರವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಕವಾಯತು ಮಾಡಿದಂತೆ! ಆ ತಾಯಿಗೆ ಅಳುವಿನಂತೆ ಕೇಳಿಸಿದ್ದು ಇದೇ ಇರಬೇಕು.

ಇನ್ನೊಂದು ಸೂಕ್ಷ್ಮವೂ ಇದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಸೀಶೋರ್ ಎಂಬ ಮನಃಶಾಸ್ತ್ರಜ್ಞ 1930ರ ದಶಕದಲ್ಲಿ ಗಾಯಕರ ವೈಬ್ರಾಟೋವನ್ನು ಅಳೆದ. ಒಳ್ಳೆಯ ಗಾಯಕರಲ್ಲಿ ಅದು ಸೆಕೆಂಡಿಗೆ ಆರರ ಆಸುಪಾಸು. ಆದರೆ ಗಾಯಕರು ಸ್ವರ ಎತ್ತಿದ ಕ್ಷಣದಿಂದಲೇ ಸಾಮಾನ್ಯವಾಗಿ ನಡುಗಿಸುವುದಿಲ್ಲ. ಮೊದಲು ನೇರವಾಗಿ ಸ್ವರದ ಮೇಲೆ ನಿಲ್ಲುತ್ತಾರೆ, ಆಮೇಲೆ ಅದು ತಾನಾಗಿ ಅರಳುತ್ತದೆ. ಇದಕ್ಕಾಗಿಯೇ ಕೀಬೋರ್ಡಿನಲ್ಲಿ ಡಿಲೇ ಎಂಬ ಮೂರನೆಯ ಗುಂಡಿ ಇರುವುದು. ಮನೆ ತೀರಿಸಿ ದಣಿದು ಬಂದವರು ಹಾಡನ್ನು ಹಿಡಿಯಬೇಕಾದರೆ ಮೊದಲ ಕ್ಷಣ ಸ್ವರ ಕಂಬದಂತೆ ನಿಂತಿರಬೇಕು. ಕಂಬವೇ ಅಲುಗಿದರೆ ಒರಗುವುದು ಎಲ್ಲಿ?

ರಾಗ ಕಲಿತವರು ಕೇಳಬಹುದು, ನಮ್ಮ ಗಮಕವೂ ಅಲುಗಾಟವೇ ಅಲ್ಲವೇ ಎಂದು. ಹೌದು, ಕಂಪಿತ ಗಮಕ ಸ್ವರವನ್ನು ತೂಗುವುದೇ. ಆದರೆ ಎಷ್ಟು ತೂಗಬೇಕು, ಯಾವ ಸ್ವರದತ್ತ ಬಾಗಬೇಕು, ಎಲ್ಲಿ ನಿಲ್ಲಬೇಕು ಎನ್ನುವುದನ್ನು ರಾಗ ಹೇಳುತ್ತದೆ. ತೋಡಿಯ ಗಾಂಧಾರ ಒಂದು ರೀತಿ, ಶಂಕರಾಭರಣದ್ದು ಬೇರೆ. ಸೆಕೆಂಡಿಗೆ ಆರು ಎಂದು ಲೆಕ್ಕ ಹಾಕಿ ಕೂತ ಯಂತ್ರಕ್ಕೆ ಇದು ಒಗ್ಗುವುದಿಲ್ಲ. ರಾಗದ ಕೀರ್ತನೆಗೆ ಎಲ್‌ಎಫ್‌ಓ ಸೊನ್ನೆ ಮಾಡಿ, ಗಮಕವನ್ನು ಎಡಗೈಯ ಪಿಚ್ ಚಕ್ರದಿಂದ ಬೆರಳೇ ಮಾಡಲಿ. ಅಭ್ಯಾಸ ಬೇಕು. ಬರುವುದಿಲ್ಲವೆಂದರೆ ನೇರ ಸ್ವರವೇ ಲೇಸು. ತಪ್ಪು ಗಮಕಕ್ಕಿಂತ ಗಮಕವಿಲ್ಲದಿರುವುದು ವಾಸಿ ಎಂದು ಗುರುಮಠದಲ್ಲಿ ನಮಗೆ ಹಾರ್ಮೋನಿಯಂ ಕಲಿಸಿದ ಗುರುಗಳು ಗದರುತ್ತಿದ್ದರು.

ಒಂದು ಸಂಜೆ ಜಪಸರದ ನಂತರ ಆ ಹುಡುಗನನ್ನೂ ಆ ತಾಯಿಯನ್ನೂ ಕೀಬೋರ್ಡಿನ ಮುಂದೆ ಕೂಡಿಸಿದೆ. ಅವನು ಒಂದೇ ಸ್ವರ ಒತ್ತಿ ಹಿಡಿಯಬೇಕು, ಅವರು ಅದಕ್ಕೆ ದನಿ ಕೂಡಿಸಬೇಕು. ಮೊದಲು ಇದ್ದ ಹಾಗೆಯೇ. ಅವರ ದನಿ ಆಚೆ ಈಚೆ ಹುಡುಕಾಡಿತು. ಆಳವನ್ನು ಅರ್ಧಕ್ಕೆ ಇಳಿಸಿದೆವು, ಇನ್ನೂ ಅರ್ಧಕ್ಕೆ ಇಳಿಸಿದೆವು. ಡಿಲೇಯನ್ನು ಸುಮಾರು ಒಂದು ಸೆಕೆಂಡಿಗೆ ಏರಿಸಿದೆವು. ಮುಖ ತಿಳಿಯಾಯಿತು. ಹುಡುಗ ಹಟ ಬಿಡಲಿಲ್ಲ, ಪೂರ್ತಿ ಸೊನ್ನೆ ಮಾಡಿ ಕೇಳಿಸಿದ. "ಅದು ಒಣರೊಟ್ಟಿ ಆತಪ್ಪ, ಸ್ವಲ್ಪ ಎಣ್ಣಿ ಇರಲಿ" ಎಂದರು ಆ ತಾಯಿ. ಹುಡುಗ ನಕ್ಕ. ಅವರಿಗೂ ಅಲೆ ಬೇಕಿತ್ತು, ಅಳತೆ ಮಾತ್ರ ಬೇರೆ ಎಂದು ಅವನಿಗೆ ತಿಳಿದದ್ದು ಆಗ. ಈಗ ಅಭ್ಯಾಸದ ದಿನ ಹೊಸ ದನಿ ಸಿದ್ಧಪಡಿಸಿದರೆ ಅವನು ಮೊದಲು ಅವರನ್ನೇ ಕರೆಯುತ್ತಾನೆ.

ಬೇರೆ ವೃಂದಗಳಿಗೂ ಉಪಯೋಗವಾಗಲೆಂದು ಅಂದು ನಾವು ಕಂಡುಕೊಂಡದ್ದನ್ನು ಹೇಳುತ್ತೇನೆ. ಮಧ್ಯಮ ದರ್ಜೆಯ ಅನೇಕ ಕೀಬೋರ್ಡುಗಳಲ್ಲಿ ಎಲ್‌ಎಫ್‌ಓ ಎಂಬ ಹೆಸರೇ ಇರುವುದಿಲ್ಲ. ವಾಯ್ಸ್ ಎಡಿಟ್ ಅಥವಾ ವಾಯ್ಸ್ ಸೆಟ್ ಎಂಬಲ್ಲಿ ವೈಬ್ರಾಟೋ ಎಂದಿದ್ದು ಅದರ ಕೆಳಗೆ ಡೆಪ್ತ್, ಸ್ಪೀಡ್, ಡಿಲೇ ಎಂಬ ಮೂರು ಸಾಲುಗಳಿರುತ್ತವೆ. ಕಂಪ್ಯೂಟರಿಗೆ ಜೋಡಿಸಿ ನುಡಿಸುವವರು ಮಿಡಿಯ 76, 77, 78ನೆಯ ಕಂಟ್ರೋಲುಗಳನ್ನು ನೋಡಬಹುದು. ಅನುಕ್ರಮವಾಗಿ ವೇಗ, ಆಳ, ಡಿಲೇ. ಎಲ್ಲ ವಾದ್ಯಗಳೂ ಇವಕ್ಕೆ ಓಗೊಡುವುದಿಲ್ಲ, ಒತ್ತಿ ನೋಡಿಯೇ ತಿಳಿಯಬೇಕು. ಎಡಗಡೆಯ ಮಾಡ್ಯುಲೇಶನ್ ಚಕ್ರ ಮಾತ್ರ ಬಹುತೇಕ ಎಲ್ಲ ಕಡೆ ಆಳವನ್ನೇ ಹೆಚ್ಚಿಸುತ್ತದೆ. ಸ್ವರದ ಕೊನೆಯಲ್ಲಿ ಮೆಲ್ಲಗೆ ಏರಿಸಿ, ಮುಗಿದೊಡನೆ ಇಳಿಸಿ. ಕೆಲವರು ಇಳಿಸಲು ಮರೆತು ಮುಂದಿನ ಹಾಡನ್ನೂ ನಡುಗಿಸುತ್ತಾರೆ.

ಜನರೆಲ್ಲ ಹಾಡುವ ಪ್ರವೇಶ ಗೀತೆಗೆ ಆರ್ಗನ್ ದನಿ, ತಿರುಗುವ ಸ್ಪೀಕರ್ ಕೊರಾಲ್ ವೇಗದಲ್ಲಿ. ಪರಮಪ್ರಸಾದದ ಹೊತ್ತಿನ ಶಾಂತ ಹಾಡಿಗೆ ಎರಡು ಸ್ಟ್ರಿಂಗ್ಸ್ ದನಿಗಳನ್ನು ಜೋಡಿಸಿ, ಒಂದರ ವೇಗವನ್ನು ಐದರ ಹತ್ತಿರವೂ ಇನ್ನೊಂದರದನ್ನು ಆರರ ಹತ್ತಿರವೂ ಇಟ್ಟರೆ ಆ ಪಿಟೀಲುಗಳ ತುಂಬುತನ ಸ್ವಲ್ಪವಾದರೂ ಬರುತ್ತದೆ. ಹಾಡಿನ ಹಿಂದೆ ಹರಡುವ ಮೃದು ದನಿಗೆ ಸ್ವರವನ್ನು ಅಲುಗಿಸಲೇಬೇಡಿ. ಬದಲಿಗೆ ಫಿಲ್ಟರನ್ನು ಹತ್ತು ಸೆಕೆಂಡಿಗೊಮ್ಮೆ ಏರಿಳಿಸಿ, ಸೈನ್ ಅಲೆಯಲ್ಲಿ, ಬಹಳ ಸ್ವಲ್ಪ. ಯಾರಿಗೂ ಗೊತ್ತಾಗಬಾರದು, ಆದರೆ ತೆಗೆದರೆ ಏನೋ ಕಡಿಮೆ ಎನಿಸಬೇಕು, ಅಷ್ಟು. ವಾದ್ಯದ ದನಿ ಹಾಡಿನ ಪದಗಳನ್ನು ಮುಚ್ಚಬಾರದೆಂದು 1967ರ 'ಮೂಸಿಕಾಂ ಸಾಕ್ರಾಂ' ಸೂಚನೆ ಹೇಳಿದೆ. ಸಂದೇಹ ಬಂದಾಗ ಕೊನೆಯ ಬೆಂಚಿನಲ್ಲಿ ಒಬ್ಬರನ್ನು ಕೂರಿಸಿ ಪದಗಳು ಕೇಳಿಸುತ್ತವೆಯೇ ಎಂದು ಕೇಳಿ.

ಮನೆಯಲ್ಲಿ ಹಳೆಯ ಕಂಪ್ಯೂಟರಿದ್ದರೆ ಮಕ್ಕಳು ಸರ್ಜ್, ವೈಟಲ್ ಎಂಬ ಸಿಂಥಸೈಸರ್ ತಂತ್ರಾಂಶಗಳನ್ನು ಉಚಿತವಾಗಿ ಇಳಿಸಿಕೊಂಡು ಕಲಿಯಬಹುದು. ಅಲೆಯ ಆಕಾರ ತೆರೆಯ ಮೇಲೆಯೇ ಓಡುವುದು ಕಾಣುತ್ತದೆ. ಶಾಲೆಯ ಭೌತಶಾಸ್ತ್ರವೂ ಜೊತೆಗೆ ಅರ್ಥವಾಗುತ್ತದೆ. ಹೆಡ್‌ಫೋನ್ ಹಾಕಿಕೊಳ್ಳಲಿ, ಪಕ್ಕದ ಮನೆಯವರಿಗೂ ಮರುದಿನ ಕೆಲಸವಿರುತ್ತದೆ.

ತಪಸ್ಸುಕಾಲದಲ್ಲಿ ವಾದ್ಯಗಳು ಹಾಡಿಗೆ ಆಸರೆಯಾಗಿ ಮಾತ್ರ ನುಡಿಯಬೇಕೆಂಬ ನಿಯಮ ನಿಮಗೆ ಗೊತ್ತೇ ಇದೆ. ಆ ವಾರಗಳಲ್ಲಿ ಮಾಡ್ಯುಲೇಶನ್ ಚಕ್ರವನ್ನು ಕೆಳಗೇ ಬಿಟ್ಟು, ಆರ್ಗನ್ನಿನ ಸ್ಪೀಕರನ್ನು ನಿಲ್ಲಿಸಿ ನುಡಿಸಿ ನೋಡಿ. ಪವಿತ್ರ ಗುರುವಾರದ ಮಹಿಮಾಗೀತೆಯ ನಂತರ ಗೋವಾದಲ್ಲಿ ಗಂಟೆಗಳ ಬದಲು ಮರದ ಮತ್ರಾಕ್ ಸದ್ದು ಕೇಳುತ್ತದೆ, ಕೀಬೋರ್ಡಿಗೂ ಬಿಡುವು. ಪಾಸ್ಖ ಜಾಗರಣೆಯಲ್ಲಿ ಮಹಿಮಾಗೀತೆ ಮತ್ತೆ ಏಳುವಾಗ ಸ್ಪೀಕರಿನ ಸ್ವಿಚ್ಚನ್ನು ನಿಂತಲ್ಲಿಂದ ವೇಗಕ್ಕೆ ತಿರುಗಿಸಿ. ಕಹಳೆ ಒಮ್ಮೆಲೇ ಓಡುವುದಿಲ್ಲ, ಒಂದೆರಡು ಸೆಕೆಂಡು ತೆಗೆದುಕೊಂಡು ವೇಗ ಹಿಡಿಯುತ್ತದೆ. ಗಂಟೆಗಳೂ ಅಷ್ಟರಲ್ಲಿ ಬಾರಿಸತೊಡಗಿರುತ್ತವೆ.